ಎ-50: ಕಟಪಾಡಿಯ ಒಂದು ಹಳೆಯ ರಂದಾ ಮೆಷಿನ್ನಿನ ಬೆಲ್ಟ್ ಪ್ರಕರಣ

ಉಡುಪಿ ಜಿಲ್ಲೆಯ ಕಟಪಾಡಿಯಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ ಬಾಗಿಲು, ಕಿಟಕಿ, ದಾರಂದ ಮಾಡಿಕೊಡುವ ಒಂದು ಶೆಡ್ ಇದೆ. ಮಾವ ಆಚಾರ್ಯರು ಮತ್ತು ಅವರ ಅಳಿಯ ಸೇರಿ ನಡೆಸುವ ಕಸುಬು. ಮರದ ಮೈಯನ್ನು ಹೆರೆದು ನಯ ಮಾಡುವ ಅವರ ರಂದಾ ಮೆಷಿನ್ ಬೀಡು ಕಬ್ಬಿಣದ್ದು. ಮೈಮೇಲಿನ ಹೆಸರಿನ ಫಲಕ ಯಾವತ್ತೋ ಉದುರಿಹೋಗಿದೆ. ಮೂರು ಬ್ಲೇಡಿನ ಉರುಳೆ, 3 ಎಚ್‌ಪಿ ತ್ರೀ ಫೇಸ್ ಮೋಟಾರ್, ಎರಡರ ಪುಲ್ಲಿಗಳ (ಬೆಲ್ಟ್ ಸುತ್ತುವ ಗಾಲಿಗಳ) ನಡುವೆ ಎರಡು ವಿ-ಬೆಲ್ಟ್, ಅಂದರೆ ತಳ ಕಿರಿದಾಗಿ ಪಕ್ಕೆಗಳು ಓರೆಯಾಗಿರುವ ರಬ್ಬರ್ ಬೆಲ್ಟ್. ಮೇಜಿನ ಮೇಲೆ ಮಟ್ಟಗೋಲು ಇಟ್ಟರೆ ಅಡಿಯಲ್ಲಿ ಕಾಗದವೂ ನುಸುಳುವುದಿಲ್ಲ. ಇಷ್ಟು ವರ್ಷ ದುಡಿದೂ ಮೇಜು ಇಷ್ಟು ನೇರವಾಗಿ ಉಳಿದಿರುವ ಯಂತ್ರವನ್ನು ಗುಜರಿಗೆ ಹಾಕುವ ಮಾತು ಬಂದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಇಲ್ಲಿ ಆ ಮಾತು ಬಂದೇಬಿಟ್ಟಿತ್ತು.

ಕಾರಣ ಬೆಲ್ಟ್. ಮೊದಲು ವರ್ಷಗಟ್ಟಲೆ ಬಾಳುತ್ತಿದ್ದ ಬೆಲ್ಟ್ ಈಗ ತಿಂಗಳುಗಳಲ್ಲಿ ಹರಿಯುತ್ತಿತ್ತು. ಮೋಟಾರ್ ಹಾಕಿದೊಡನೆ ಕಿರ್ರೆಂದು ಕಿರುಚುತ್ತಿತ್ತು, ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಹಲಸಿನ ಹಲಗೆಗೆ ಸ್ವಲ್ಪ ಹೆಚ್ಚು ಆಳ ಕೊಟ್ಟರೆ ಮೋಟಾರ್ ತಿರುಗುತ್ತಲೇ ಇದ್ದರೂ ಬ್ಲೇಡಿನ ಉರುಳೆ ನಿಂತುಬಿಡುತ್ತಿತ್ತು. ರಂದಾ ಹೊಡೆದ ಮೈಯ ಮೇಲೆ ಅಲೆ ಅಲೆಯಾಗಿ ಗೆರೆ ಮೂಡಿ, ಕೈಯಲ್ಲಿ ಮತ್ತೊಮ್ಮೆ ಉಜ್ಜಬೇಕಾಗುತ್ತಿತ್ತು.

"ಒಳ್ಳೆ ಕಂಪನಿಯ ಎರಡು ಬೆಲ್ಟ್ ತಂದು ಹಾಕಿಕೊಡಿ ಮಾರಾಯರೆ, ಅಷ್ಟು ಸಾಕು" ಎಂದರು ಆಚಾರ್ಯರು. "ಮಳೆ ಹಿಡಿಯುವ ಮೊದಲು ಎರಡು ಮನೆಯ ದಾರಂದ ಮುಗಿಸಿ ಕೊಡಬೇಕು."

"ಹಾಕೋಣ ಆಚಾರ್ಯರೇ. ಆದರೆ ಹಳೆಯದು ಯಾಕೆ ಹೋಯಿತೆಂದು ತಿಳಿಯದೆ ಹೊಸದು ಹಾಕಿದರೆ ಅದೂ ಹಾಗೆಯೇ ಹೋಗುತ್ತದೆ."

ಹಳೆಯ ಬೆಲ್ಟ್ ಹೇಳಿದ್ದು

ಬಿಚ್ಚುವ ಮೊದಲು ಮೆಯಿನ್ ಸ್ವಿಚ್ ಆಫ್ ಮಾಡಿ ಮೂರೂ ಫ್ಯೂಸ್ ಕಿತ್ತು ನನ್ನ ಜೇಬಿಗೆ ಹಾಕಿಕೊಂಡೆ. ಸ್ವಿಚ್ ಆಫ್ ಮಾಡಿದರೆ ಸಾಕೆಂದು ತಿಳಿಯುವವರು ಹಲವರಿದ್ದಾರೆ. ಕೆಲಸ ಮಾಡುವವನ ಬೆನ್ನ ಹಿಂದೆ ಬಂದು ಸ್ವಿಚ್ ಹಾಕುವವರೂ ಇದ್ದೇ ಇರುತ್ತಾರೆ. ಇನ್ನೊಂದು ಮಾತು. ಬೆಲ್ಟ್ ಕಳಚಿದ ಮೇಲೆ ಬ್ಲೇಡಿನ ಉರುಳೆಗೆ ಹಿಡಿತವೇ ಇರುವುದಿಲ್ಲ, ಬೆರಳು ತಾಗಿದರೂ ತಿರುಗುತ್ತದೆ. ಆದ್ದರಿಂದ ಬ್ಲೇಡುಗಳ ಮೇಲೆ ದಪ್ಪ ಗೋಣಿಯನ್ನು ಮಡಚಿ ಹೊದಿಸಿ, ಮರದ ತುಂಡು ಕೊಟ್ಟು ಉರುಳೆ ತಿರುಗದಂತೆ ಮಾಡಿದ ಮೇಲೆಯೇ ಕೈ ಹಾಕಿದೆವು.

ಅಳಿಯ ಸ್ಕ್ರೂಡ್ರೈವರ್ ತಂದು ಬೆಲ್ಟನ್ನು ಮೀಟಿ ತೆಗೆಯಲು ಹೊರಟಿದ್ದ. ಹಳೆಯ ಬೆಲ್ಟಾದರೂ ಹಾಗೆ ತೆಗೆಯಬಾರದು, ಪುಲ್ಲಿಯ ಅಂಚು ಕಿತ್ತುಹೋಗುತ್ತದೆ. ಹೊಸ ಬೆಲ್ಟನ್ನಂತೂ ಮೀಟಿ ಹಾಕಲೇಬಾರದು. ವಿ-ಬೆಲ್ಟಿನ ಬಲವೆಲ್ಲ ಅದರ ಮೇಲ್ಭಾಗದಲ್ಲಿ ಹುದುಗಿರುವ ನೂಲಿನ ಎಳೆಗಳಲ್ಲಿದೆ. ಒಂದು ಕಡೆ ಮೀಟಿದರೆ ಅಲ್ಲಿ ಕೆಲವು ಎಳೆಗಳು ತುಂಡಾಗುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ತಿಂಗಳು ಕಳೆದ ಮೇಲೆ ಅದೇ ಜಾಗದಲ್ಲಿ ಬೆಲ್ಟ್ ಮಗುಚಿಕೊಳ್ಳುತ್ತದೆ, ಬೈಗುಳ ಕಂಪನಿಗೆ ಬೀಳುತ್ತದೆ. ಮೋಟಾರಿನ ಬೋಲ್ಟ್ ಸಡಿಲಿಸಿ ಮೋಟಾರನ್ನೇ ಮುಂದೆ ತಂದರೆ ಬೆಲ್ಟ್ ಕೈಯಲ್ಲೇ ಕಳಚಿ ಬರುತ್ತದೆ.

ಕಳಚಿದ ಎರಡು ಬೆಲ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ಒಂದರ ಮೇಲೆ ಎ-53 ಎಂಬ ಅಚ್ಚು ಅರ್ಧ ಉಳಿದಿತ್ತು. ಎ ಎಂದರೆ ಬೆಲ್ಟಿನ ಅಗಲ-ದಪ್ಪದ ವರ್ಗ, ಅಂಕೆ ಅದರ ಉದ್ದ. ಇನ್ನೊಂದು ಬೇರೆ ಕಂಪನಿಯ ಎ-52. ಎರಡರ ವಯಸ್ಸೂ ಬೇರೆ. ಉದ್ದದ್ದು ಸಡಿಲವಾಗಿ ಬಡಿದುಕೊಂಡು ಓಡುತ್ತಿತ್ತು, ಗಿಡ್ಡದ್ದು ಒಂದೇ ಪೂರ್ತಿ ಭಾರ ಹೊರುತ್ತಿತ್ತು. ಈ ಯಂತ್ರದಲ್ಲಿ 3 ಎಚ್‌ಪಿಗೆ ಎರಡು ಎ ಬೆಲ್ಟ್ ಸಾಕು, ಒಂದಕ್ಕೆ ಅದು ಮೀರಿದ ಭಾರ. ಒಂದು ಹರಿದರೆ ಒಂದನ್ನೇ ತಂದು ಹಾಕುವುದು ಉಳಿತಾಯದಂತೆ ಕಾಣುತ್ತದೆ. ವಾಸ್ತವದಲ್ಲಿ ಹೊಸ ಬೆಲ್ಟಿನ ಆಯುಷ್ಯವನ್ನು ಹಳೆಯದು ತಿನ್ನುತ್ತದೆ. ಜೋಡಿಯಲ್ಲಿ ಓಡುವ ಬೆಲ್ಟನ್ನು ಜೋಡಿಯಾಗಿ, ಒಂದೇ ಕಂಪನಿಯದನ್ನು, ಒಂದೇ ದಿನ ಬದಲಾಯಿಸಬೇಕು.

ಅದಕ್ಕಿಂತ ಮುಖ್ಯವಾದದ್ದು ಬೆಲ್ಟಿನ ಹೊಟ್ಟೆಯಲ್ಲಿತ್ತು. ವಿ-ಬೆಲ್ಟ್ ಎಳೆಯುವುದು ತನ್ನ ಎರಡು ಪಕ್ಕೆಗಳಿಂದ. ತಳ ಎಲ್ಲಿಯೂ ತಾಗಬಾರದು. ಇಲ್ಲಿ ಎರಡು ಬೆಲ್ಟಿನ ತಳವೂ ಕನ್ನಡಿಯಂತೆ ಹೊಳೆಯುತ್ತಿತ್ತು, ಅಡ್ಡಡ್ಡ ಬಿರುಕು ಬಿಟ್ಟಿತ್ತು. ಬೆರಳಲ್ಲಿ ಉಜ್ಜಿದರೆ ರಬ್ಬರಿನ ಮೆದುವೇ ಇಲ್ಲ, ಕಾದು ಕಾದು ಕೊಂಬಿನಷ್ಟು ಗಟ್ಟಿಯಾಗಿತ್ತು. ಎ-52ರ ಒಂದು ಪಕ್ಕೆಯಲ್ಲಿ ಮಾತ್ರ ಬಟ್ಟೆಯ ಹೊದಿಕೆ ಸವೆದು ನಾರು ಎದ್ದಿತ್ತು. ತಳ ಹೊಳೆದರೆ ಬೆಲ್ಟ್ ಪುಲ್ಲಿಯ ಗ್ರೂವಿನ, ಎಂದರೆ ಬೆಲ್ಟ್ ಓಡುವ ತೋಡಿನ, ತಳಕ್ಕೆ ಕೂತಿದೆ ಎಂದು ಅರ್ಥ. ಒಂದೇ ಪಕ್ಕೆ ಸವೆದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂದು ಅರ್ಥ. ಈ ಎರಡು ಗುರುತು ಸಿಕ್ಕಿದ ಮೇಲೆ ಹುಡುಕಬೇಕಾದ ಜಾಗ ಸ್ಪಷ್ಟವಾಯಿತು.

ಮೋಟಾರ್ ಪುಲ್ಲಿ

ಮೋಟಾರ್ ಪುಲ್ಲಿಯ ಗ್ರೂವಿನೊಳಗೆ ಹಳದಿ ಬಣ್ಣದ ಒಂದು ಪದರ ಕಲ್ಲಿನಂತೆ ಕಟ್ಟಿತ್ತು. ಉಗುರಿಗೆ ಬರಲಿಲ್ಲ. ಹಳೆಯ ಹ್ಯಾಕ್ಸಾ ಬ್ಲೇಡಿನ ತುದಿಯಿಂದ ಕೆರೆದಾಗ ಚೂರು ಚೂರಾಗಿ ಎದ್ದು ಬಂತು, ಮೂಸಿದರೆ ಹಲಸಿನ ವಾಸನೆ ಮತ್ತು ರಾಳದ ವಾಸನೆ. ಬೆಲ್ಟ್ ಜಾರಿದಾಗಲೆಲ್ಲ ಆಚಾರ್ಯರು ರಾಳದ ಹುಡಿ ಹಾಕುತ್ತಿದ್ದರು. ಅರೆ ಒಣಗಿದ ಹಲಸಿನ ಹುಡಿ ಅದಕ್ಕೆ ಅಂಟಿ, ಬಿಸಿಗೆ ಕರಗಿ, ಆರಿ, ಪದರದ ಮೇಲೆ ಪದರವಾಗಿ ಕೂತಿತ್ತು.

ಈ ರಾಳದ ಅಭ್ಯಾಸಕ್ಕೆ ನಮ್ಮ ಕರಾವಳಿಯಲ್ಲಿ ಹಳೆಯ ಬೇರು ಇದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಡದಲ್ಲಿ ಅಂಥ ಕಾರ್ಖಾನೆಗಳು ಸಾಲಾಗಿ ಎದ್ದವು. ಅಲ್ಲೆಲ್ಲ ಯಂತ್ರಗಳು ಓಡುತ್ತಿದ್ದುದು ಚಪ್ಪಟೆ ಬೆಲ್ಟಿನಲ್ಲಿ. ಚಪ್ಪಟೆ ಬೆಲ್ಟಿಗೆ ಹಿಡಿತ ಕೊಡುವುದು ಮೈಯ ಒರಟುತನ ಮಾತ್ರ, ಆದ್ದರಿಂದ ಅದಕ್ಕೆ ರಾಳ ಹಾಕುವುದು ಆಗ ಒಪ್ಪುವ ಉಪಾಯವೇ ಆಗಿತ್ತು. ಅಲ್ಲಿ ದುಡಿದ ಫಿಟ್ಟರುಗಳಿಂದ ಅದು ಮರದ ಮಿಲ್ಲುಗಳಿಗೂ ಬಂದಿರಬೇಕು. ಆದರೆ ವಿ-ಬೆಲ್ಟಿನ ಹಿಡಿತದ ಗುಟ್ಟೇ ಬೇರೆ. ಎಳೆತ ಹೆಚ್ಚಿದಷ್ಟೂ ಅದು ಗ್ರೂವಿನ ಎರಡು ಗೋಡೆಗಳ ನಡುವೆ ಬೆಣೆಯಂತೆ ಬಿಗಿಯುತ್ತದೆ. ಅದಕ್ಕೆ ಬೇಕಾದದ್ದು ಸ್ವಚ್ಛವಾದ, ನೇರವಾದ ಗೋಡೆ. ರಾಳ ಹಾಕಿದರೆ ಆ ಕ್ಷಣಕ್ಕೆ ಕಿರುಚಾಟ ನಿಲ್ಲುತ್ತದೆ, ಆಮೇಲೆ ಹುಡಿ ಹಿಡಿದು ಗ್ರೂವ್ ತುಂಬುತ್ತದೆ.

ಪದರ ಕೆರೆದು ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಮೂಲ ದೋಷ ಕಣ್ಣಿಗೆ ಬಿತ್ತು. ವರ್ನಿಯರ್ ಇಟ್ಟರೆ ಗ್ರೂವಿನ ಬಾಯಿ ಹದಿನಾರೂವರೆ ಮಿಲಿಮೀಟರಿಗಿಂತ ಅಗಲ. ಅದು ಬಿ ಪುಲ್ಲಿ. ಎ ಬೆಲ್ಟಿನ ಮೇಲಗಲ 13 ಮಿ.ಮೀ., ದಪ್ಪ 8 ಮಿ.ಮೀ.; ಬಿ ಬೆಲ್ಟಿನದು 17 ಮತ್ತು 11. ಬ್ಲೇಡಿನ ಉರುಳೆಯ ಪುಲ್ಲಿ ಸರಿಯಾಗಿ ಎ, ಮೋಟಾರಿನದು ಮಾತ್ರ ಬಿ.

ಹೀಗಾದದ್ದು ಹೇಗೆಂದು ಕೇಳಿದಾಗ ಅಳಿಯನೇ ನೆನಪು ಮಾಡಿಕೊಂಡ. "ಒಂದು ಫೇಸ್ ಹೋಗಿ ಹಳೆಯ ಮೋಟಾರ್ ಸುಟ್ಟಿತ್ತಲ್ಲ ಮಾವ, ಆಗ ಮುಚ್ಚಿದ ಮಿಲ್ಲಿನ ಮೋಟಾರ್ ತಂದೆವು. ಪುಲ್ಲಿ ಅದರ ಜೊತೆಗೇ ಬಂತು." ಸುಟ್ಟ ಮೋಟಾರಿನ ಪುಲ್ಲಿ, ಈ ಪುಲ್ಲಿ ಎರಡರ ಹೊರ ವ್ಯಾಸವೂ 140 ಮಿ.ಮೀ. ಇದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಜೋಡಿಸಿದವನು ಅಳೆದದ್ದು ಹೊರಗಿನಿಂದ ಮಾತ್ರ.

ಎ ಬೆಲ್ಟ್ ಬಿ ಗ್ರೂವಿನಲ್ಲಿ ಅಂಚಿಗಿಂತ ಐದು ಮಿಲಿಮೀಟರ್ ಒಳಗೆ ಇಳಿಯುತ್ತದೆ. ಇದರಿಂದ ಎರಡು ನಷ್ಟ. ಒಂದು, ಬೆಲ್ಟಿನ ತಳ ಗ್ರೂವಿನ ತಳದ ತೀರ ಹತ್ತಿರ ಬರುತ್ತದೆ. ಸ್ವಲ್ಪ ಹುಡಿ ಕಟ್ಟಿದರೂ ಅದರ ಮೇಲೆ ಕೂತು, ಪಕ್ಕೆಯ ಹಿಡಿತ ಬಿಟ್ಟು ಜಾರುತ್ತದೆ. ಇನ್ನೊಂದು, ಪುಲ್ಲಿ ಇದ್ದುದಕ್ಕಿಂತ ಸಣ್ಣದಾದಂತೆ ಆಗುತ್ತದೆ. 2,850 ಸುತ್ತಿನ ಮೋಟಾರಿಗೆ 140ರ ಎ ಪುಲ್ಲಿ, ಉರುಳೆಗೆ 85ರ ಪುಲ್ಲಿ ಇದ್ದರೆ ಬ್ಲೇಡು ನಿಮಿಷಕ್ಕೆ ಸುಮಾರು 4,800 ಸುತ್ತು ತಿರುಗಬೇಕು. ಬೆಲ್ಟ್ ಒಳಗಿಳಿದಾಗ ಅದು 4,450ರ ಆಸುಪಾಸಿಗೆ ಬರುತ್ತದೆ, ಅದೂ ಜಾರದೆ ಇದ್ದರೆ. ರಂದಾದ ಮೈಯಲ್ಲಿ ಅಲೆ ಕಾಣುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ. ಬ್ಲೇಡು ನಿಧಾನವಾಗಿ, ಜಾರಿದಾಗ ಇನ್ನೂ ನಿಧಾನವಾಗಿ ತಿರುಗುವಾಗ ಮರವನ್ನು ಅದೇ ವೇಗದಲ್ಲಿ ದೂಡಿದರೆ ಒಂದು ಕಡಿತಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಹೆಚ್ಚಾಗುತ್ತದೆ.

53 ಎಲ್ಲಿಂದ ಬಂತು

ಇದು ಅನೇಕ ಕಡೆ ನಡೆಯುವ ತಪ್ಪಾದ್ದರಿಂದ ಬಿಡಿಸಿ ಹೇಳುತ್ತೇನೆ. ಬೆಲ್ಟಿನ ಮೇಲಿನ ಎ-50 ಎಂಬ ಅಂಕೆ ಅದರ ಒಳ ಸುತ್ತಳತೆ, ಇಂಚಿನಲ್ಲಿ. ಹರಿದ ಬೆಲ್ಟನ್ನು ನೆಲದ ಮೇಲೆ ಹಾಸಿ ಹೊರಮೈಗೆ ಟೇಪ್ ಹಿಡಿದರೆ ಎ ಬೆಲ್ಟಿಗೆ ಎರಡು ಇಂಚು ಹೆಚ್ಚು ಬರುತ್ತದೆ. ಹಳೆಯ ಬೆಲ್ಟ್ ಎಳೆದು ಉದ್ದವಾಗಿರುವುದೂ ಸೇರಿದರೆ ಮೂರು ಇಂಚು. ಹಾಗೆ ಅಳೆದು ಚೀಟಿಯಲ್ಲಿ 53 ಎಂದು ಬರೆದು ಕೊಟ್ಟಿದ್ದರು. ಅಂಗಡಿಯವನು ಚೀಟಿಯಲ್ಲಿ ಇದ್ದುದನ್ನು ಕೊಟ್ಟ. ಅದರಲ್ಲಿ ಒಂದು ಹರಿದಾಗ ಬೇರೆ ಅಂಗಡಿಯಲ್ಲಿ 53 ಇರಲಿಲ್ಲ, 52 ಬಂತು.

ಬೆಲ್ಟ್ ಮೂರು ಇಂಚು ಉದ್ದವಾದರೆ ಮೋಟಾರ್ ಒಂದೂವರೆ ಇಂಚು ಹಿಂದೆ ಸರಿಯಬೇಕು. ಮೋಟಾರ್ ಕೂರುವ ಬೇಸಿನ ಉದ್ದ ತೂತು ಅಷ್ಟು ಇರಲಿಲ್ಲ. ಆದ್ದರಿಂದ ಮೋಟಾರನ್ನು ಕೊನೆಯವರೆಗೆ ಎಳೆದು, ಕಾಲಿನಡಿಗೆ ಹಲಸಿನ ತುಂಡು ಕೊಟ್ಟು ಓರೆ ಮಾಡಿ ಬಿಗಿ ಮಾಡಿದ್ದರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಮರದ ಪ್ಯಾಕಿಂಗ್ ಆಷಾಢದಲ್ಲಿ ಒಂದು ದಪ್ಪ, ಬೇಸಗೆಯಲ್ಲಿ ಇನ್ನೊಂದು ದಪ್ಪ. ದಾರಂದಕ್ಕೆ ಮರ ಎಷ್ಟು ಒಣಗಬೇಕೆಂದು ಕೈಯಲ್ಲಿ ಮುಟ್ಟಿ ಹೇಳಬಲ್ಲ ಆಚಾರ್ಯರಿಗೆ ಇದನ್ನು ನಾನು ವಿವರಿಸಬೇಕಾಗಲಿಲ್ಲ. ತುಂಡನ್ನು ಹೊರಗೆ ತೆಗೆದು ತೋರಿಸಿದೆ. ಒಂದು ಕಡೆ ನಜ್ಜಾಗಿ ಎರಡು ತುದಿಗೂ ದಪ್ಪದ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತಿತ್ತು. ಅವರು ಅದನ್ನು ತಿರುಗಿಸಿ ನೋಡಿ ಸುಮ್ಮನೆ ಮೂಲೆಗೆ ಹಾಕಿದರು.

ಪುಲ್ಲಿಗಳು ಒಂದೇ ಸಾಲಿನಲ್ಲಿವೆಯೇ ಎಂದು ನೂಲು ಹಿಡಿದಾಗ ಎರಡು ಪುಲ್ಲಿಯ ನಡುವೆ 9 ಮಿ.ಮೀ. ಓರೆ ಸಿಕ್ಕಿತು. ವಿ-ಬೆಲ್ಟಿಗೆ ಅರ್ಧ ಡಿಗ್ರಿಯವರೆಗೆ ಮಾಫಿ ಇದೆ. ಈ ಯಂತ್ರದಲ್ಲಿ ಎರಡು ಶಾಫ್ಟಿನ ನಡುವಿನ ಅಂತರಕ್ಕೆ ಅದು ಸುಮಾರು ನಾಲ್ಕು ಮಿಲಿಮೀಟರ್.

ಇನ್ನು ಬೇರಿಂಗ್. ಬೆಲ್ಟ್ ಜಾರುತ್ತದೆ ಎಂದು ಬಿಗಿ ಮಾಡುವುದು, ಮತ್ತೂ ಜಾರಿದರೆ ಮತ್ತೂ ಬಿಗಿ ಮಾಡುವುದು ನಡೆದೇ ಇತ್ತು. ಬೆಲ್ಟ್ ಇಲ್ಲದಾಗ ಉರುಳೆಯನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿದರೆ ಪುಲ್ಲಿಯ ಕಡೆಯ ಬೇರಿಂಗಿನಲ್ಲಿ ಮರಳು ಸೇರಿದಂತೆ ಗರಗರ ಕೈಗೆ ತಿಳಿಯುತ್ತಿತ್ತು. ಈ ಪರೀಕ್ಷೆಗೆ ಬೆಲ್ಟ್ ಕಳಚಿದ ಸಮಯಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ. ಎರಡು ಬದಿಯದನ್ನೂ ಬದಲಾಯಿಸಿದೆವು.

ಜೋಡಿಸಿದ್ದು

ಖರ್ಚಿನ ಮಾತು ಬಂತು. ಎರಡು ಬೆಲ್ಟಿಗಿಂತ ಹೊಸ ಪುಲ್ಲಿ ದುಬಾರಿ. "ಅದೇ ಪುಲ್ಲಿಗೆ ಬಿ ಬೆಲ್ಟ್ ಹಾಕಿದರೆ ಆಗುವುದಿಲ್ಲವೇ? ದಪ್ಪ ಇದೆ, ಗಟ್ಟಿ ಇರುತ್ತದಲ್ಲ" ಎಂದು ಆಚಾರ್ಯರು ಕೇಳಿದರು. ನ್ಯಾಯವಾದ ಪ್ರಶ್ನೆ, ಬಹಳ ಜನ ಮಾಡುವುದೂ ಹಾಗೆಯೇ. ಉತ್ತರ ಉರುಳೆಯ ಸಣ್ಣ ಪುಲ್ಲಿಯಲ್ಲಿದೆ. ದಪ್ಪ ಬೆಲ್ಟ್ ಬಗ್ಗಲು ದೊಡ್ಡ ಪುಲ್ಲಿ ಬೇಕು. ಎ ಬೆಲ್ಟಿಗೆ 75 ಮಿ.ಮೀ. ವ್ಯಾಸದವರೆಗೆ ಅಡ್ಡಿಯಿಲ್ಲ, ಬಿ ಬೆಲ್ಟಿಗೆ 125 ಬೇಕು. 85ರ ಪುಲ್ಲಿಯ ಸುತ್ತ ನಿಮಿಷಕ್ಕೆ ನೂರಾರು ಸಲ ಬಗ್ಗಿ ನೆಟ್ಟಗಾಗುವ ಬಿ ಬೆಲ್ಟ್ ತನ್ನೊಳಗಿನ ಬಿಸಿಗೇ ಬಿರಿಯುತ್ತದೆ. ಅದು ಎ ಗ್ರೂವಿನಲ್ಲಿ ಕೂರುವುದೂ ಇಲ್ಲ, ಅಂಚಿನ ಮೇಲೆ ಎದ್ದು ನಿಲ್ಲುತ್ತದೆ. ಆದ್ದರಿಂದ ಪುಲ್ಲಿಯೇ ಬದಲಾಗಬೇಕಿತ್ತು.

ಮಂಗಳೂರು ಬಂದರಿನ ಮಿಲ್ ಸ್ಟೋರ್ಸ್ ಅಂಗಡಿಯಲ್ಲಿ ಐದೂವರೆ ಇಂಚಿನ, ಎರಡು ಗ್ರೂವಿನ ಎ ಪುಲ್ಲಿ ಸಿಕ್ಕಿತು. ಮೋಟಾರ್ ಶಾಫ್ಟ್ 24 ಮಿ.ಮೀ.; ಅದಕ್ಕೆ ತೂತು ಕೊರೆಸಿ, ಪುಲ್ಲಿ ಜಾರದಂತೆ ಹಿಡಿಯುವ ಕೀ ಕೂರಲು ಜಾಗ ಮಾಡಿಸಿದೆವು. ಲೇತಿನಲ್ಲಿ ಪುಲ್ಲಿ ಹೊಸದಾಗಿ ಮಾಡಿಸುವವರು ಒಂದು ವಿಷಯ ಹೇಳಿ ಮಾಡಿಸಬೇಕು. ಬೆಲ್ಟಿನ ಕೋನ 40 ಡಿಗ್ರಿ ಎಂದು ಗ್ರೂವನ್ನೂ ಅಷ್ಟಕ್ಕೇ ಕೊಯ್ದರೆ ತಪ್ಪು. ಬೆಲ್ಟ್ ಬಗ್ಗಿದಾಗ ಒಳಮೈ ಉಬ್ಬಿ ಪಕ್ಕೆಗಳ ಕೋನ ಕಿರಿದಾಗುತ್ತದೆ. ಆದ್ದರಿಂದ ಎ ಬೆಲ್ಟಿನ ಸಣ್ಣ ಪುಲ್ಲಿಗೆ 34 ಡಿಗ್ರಿ, 118 ಮಿ.ಮೀ.ಗಿಂತ ದೊಡ್ಡದಕ್ಕೆ 38 ಡಿಗ್ರಿ.

ಬೆಲ್ಟಿನ ಉದ್ದವನ್ನು ಹಳೆಯ ಬೆಲ್ಟಿನಿಂದ ತೆಗೆಯಲಿಲ್ಲ, ಲೆಕ್ಕ ಹಾಕಿದೆ. ಎರಡು ಶಾಫ್ಟಿನ ನಡುವಿನ ಅಂತರದ ಎರಡು ಪಟ್ಟು, ಅದಕ್ಕೆ ಎರಡು ಪುಲ್ಲಿಯ ವ್ಯಾಸಗಳ ಮೊತ್ತವನ್ನು 1.57ರಿಂದ ಗುಣಿಸಿದ್ದು, ಕೊನೆಗೆ ವ್ಯಾಸಗಳ ವ್ಯತ್ಯಾಸದ ವರ್ಗವನ್ನು ಅಂತರದ ನಾಲ್ಕು ಪಟ್ಟಿನಿಂದ ಭಾಗಿಸಿ ಬಂದ ಸಣ್ಣ ಮೊತ್ತ. ವ್ಯಾಸ ಎಂದರೆ ಇಲ್ಲಿ ಹೊರಗಿನದಲ್ಲ, ಬೆಲ್ಟಿನ ಎಳೆಗಳು ಓಡುವ ಮಟ್ಟದ್ದು. ಎ ಪುಲ್ಲಿಗೆ ಹೊರ ವ್ಯಾಸದಿಂದ ಐದೂವರೆ ಮಿ.ಮೀ. ಕಳೆಯಬೇಕು. ಹೀಗೆ ಬಂದ ಉದ್ದದಿಂದ 36 ಮಿ.ಮೀ. ಕಳೆದರೆ ಬೆಲ್ಟಿನ ಒಳ ಸುತ್ತಳತೆ. ಮೋಟಾರನ್ನು ಉದ್ದ ತೂತಿನ ಮಧ್ಯಕ್ಕಿಂತ ತುಸು ಮುಂದೆ ಇಟ್ಟುಕೊಂಡು, ಅಂದರೆ ಬೆಲ್ಟ್ ಹಾಕಲು ಮುಂದಕ್ಕೆ 20 ಮಿ.ಮೀ., ಆಮೇಲೆ ಬಿಗಿ ಮಾಡಲು ಹಿಂದಕ್ಕೆ 30 ಮಿ.ಮೀ. ಉಳಿಸಿಕೊಂಡು ಅಂತರ 484 ಎಂದು ಹಿಡಿದೆ. ಲೆಕ್ಕ 1,270 ಮಿ.ಮೀ.ಗೆ ಬಂತು. ಅದು ಎ-50. ಗ್ರೂವಿನೊಳಗೆ ತೆಳು ಹಗ್ಗ ಸುತ್ತಿ ನೋಡಿದಾಗಲೂ ಅದೇ ಉತ್ತರ.

ಹಲಸಿನ ತುಂಡಿನ ಬದಲು ಕಬ್ಬಿಣದ ತಗಡಿನ ಶಿಮ್ ಕೊಟ್ಟು ಮೋಟಾರನ್ನು ಸಮಮಟ್ಟಕ್ಕೆ ತಂದೆವು. ಉರುಳೆಯ ಪುಲ್ಲಿಯ ಗ್ರೂವಿನಲ್ಲಿ ಉಪ್ಪುಗಾಳಿಗೆ ಹಿಡಿದ ತುಕ್ಕನ್ನು ನಯವಾದ ಎಮರಿ ಕಾಗದದಿಂದ ತೆಗೆದೆವು. ಮಳೆಗಾಲದಲ್ಲಿ ಕೆಲಸವಿಲ್ಲದೆ ಯಂತ್ರ ನಿಂತಾಗ ಈ ತುಕ್ಕು ಏಳುತ್ತದೆ. ಮತ್ತೆ ಓಡಿಸಿದಾಗ ಬೆಲ್ಟಿನ ಪಕ್ಕೆಯನ್ನು ಅದು ಅರದಂತೆ ತಿನ್ನುತ್ತದೆ. ಎಣ್ಣೆ ಸವರಿ ಇಡುವುದು ಪರಿಹಾರವಲ್ಲ, ಎಣ್ಣೆ ರಬ್ಬರಿಗೆ ವಿಷ. ವಾರಕ್ಕೊಮ್ಮೆಯಾದರೂ ಸ್ವಲ್ಪ ಹೊತ್ತು ಓಡಿಸುವುದು, ದೀರ್ಘಕಾಲ ನಿಲ್ಲಿಸುವುದಾದರೆ ಬೆಲ್ಟ್ ಸಡಿಲಿಸಿ ಇಡುವುದು ಮೇಲು.

ನೂಲು ಹಿಡಿದು ನಾಲ್ಕು ಕಡೆ, ಎಂದರೆ ಒಂದೊಂದು ಪುಲ್ಲಿಯ ಎರಡೆರಡು ಅಂಚಿಗೆ ತಾಗುವವರೆಗೆ ಮೋಟಾರನ್ನು ಸರಿಸಿದೆವು. ಎರಡು ಪುಲ್ಲಿಯ ಅಂಚಿನ ದಪ್ಪ ಒಂದೇ ಇದ್ದರೆ ಮಾತ್ರ ಈ ನೂಲು ಸತ್ಯ ಹೇಳುತ್ತದೆ. ಇಲ್ಲಿ ಹೊಸ ಪುಲ್ಲಿಯ ಅಂಚು ಎರಡು ಮಿ.ಮೀ. ಹೆಚ್ಚು ದಪ್ಪವಿದ್ದುದರಿಂದ ಅಷ್ಟು ಬಿಟ್ಟು ಹಿಡಿದೆವು. ಬೆಲ್ಟ್ ಕೈಯಲ್ಲೇ ಏರಿತು. ಈಗ ಅದರ ಮೇಲ್ಮೈ ಮೋಟಾರ್ ಪುಲ್ಲಿಯ ಅಂಚಿಗೆ ಸರಿಸಮ. ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ಕಾಣುವುದು ಬೆಲ್ಟಿನ ತಳದಲ್ಲಿ ಮಾತ್ರ, ಪಕ್ಕೆಯಲ್ಲಿ ಇಲ್ಲ.

ಬಿಗಿ ಎಷ್ಟು ಎಂಬುದಕ್ಕೆ ಹೆಬ್ಬೆರಳಿನ ಅಂದಾಜು ಸಾಲದು. ಒಬ್ಬೊಬ್ಬರ ಬೆರಳಿಗೆ ಒಂದೊಂದು ಬಲ. ನೆರೆಮನೆಯವರು ಮೀನು ತೂಗುವ ಸ್ಪ್ರಿಂಗ್ ತಕ್ಕಡಿ ತಂದುಕೊಟ್ಟರು. ಎರಡು ಪುಲ್ಲಿಯ ನಡುವಿನ ಬೆಲ್ಟಿನ ಮಧ್ಯಕ್ಕೆ ಕೊಕ್ಕೆ ಹಾಕಿ ಅಡ್ಡಕ್ಕೆ ಎಳೆಯಬೇಕು. ನೂರು ಮಿ.ಮೀ.ಗೆ 1.6 ಮಿ.ಮೀ. ಲೆಕ್ಕದಲ್ಲಿ ಇಲ್ಲಿ ಬೆಲ್ಟ್ ಎಂಟು ಮಿ.ಮೀ. ಬಗ್ಗುವಾಗ ತಕ್ಕಡಿ ಒಂದರಿಂದ ಒಂದೂವರೆ ಕಿಲೋ ತೋರಿಸಬೇಕು. ಹೊಸ ಬೆಲ್ಟ್ ಮೊದಲ ದಿನಗಳಲ್ಲಿ ಕೂತುಕೊಂಡು ಸಡಿಲವಾಗುವುದರಿಂದ ಒಂದೂವರೆಗೂ ಸ್ವಲ್ಪ ಮೇಲಿಟ್ಟೆವು.

ಎಷ್ಟೋ ಕಾಲದಿಂದ ಗೋಡೆಗೆ ಒರಗಿದ್ದ ಬೆಲ್ಟಿನ ಕವಚವನ್ನು ತಗಡು ಬಡಿದು ನೇರ ಮಾಡಿ, ಹುಡಿ ಉದುರಲು ತಳಕ್ಕೆ ಜಾಲರಿ ಕೊಟ್ಟು ಬೋಲ್ಟ್ ಹಾಕಿಸಿದೆ. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಲುಂಗಿ ಉಟ್ಟು ಕೆಲಸ ಮಾಡುವ ಶೆಡ್ಡಿನಲ್ಲಿ ತೆರೆದ ಬೆಲ್ಟ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ.

ಆಮೇಲೆ

ಫ್ಯೂಸ್ ಹಾಕಿ ಓಡಿಸಿದಾಗ ಕಿರುಚಾಟ ಇರಲಿಲ್ಲ. ಅಳಿಯ ಒಂದು ಹೆಬ್ಬಲಸಿನ ಹಲಗೆ ಕೊಟ್ಟ, ಆಮೇಲೆ ಕಿರಾಲ್‌ಭೋಗಿಯ ತುಂಡು. ಕಿರಾಲ್‌ಭೋಗಿ ಕಬ್ಬಿಣದಂಥ ಮರ, ಮೊದಲು ಅದನ್ನು ಕೊಟ್ಟರೆ ಉರುಳೆ ನಿಲ್ಲುತ್ತಿತ್ತು. ಈಗ ಮೋಟಾರಿನ ದನಿ ತಗ್ಗಿತೇ ಹೊರತು ಬೆಲ್ಟ್ ಜಾರಲಿಲ್ಲ. ಆಚಾರ್ಯರು ಹಲಗೆಯನ್ನು ಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು, ಅಂಗೈಯನ್ನು ಉದ್ದಕ್ಕೂ ಎಳೆದರು. "ಇದಕ್ಕೆ ಇನ್ನು ಕಾಗದ ಉಜ್ಜಿದರೆ ಸಾಕು" ಎಂದರು.

ಕೆಲವು ದಿನ ಓಡಿದ ಮೇಲೆ ಮತ್ತೆ ತಕ್ಕಡಿ ಹಿಡಿದಾಗ ಬೆಲ್ಟ್ ಒಂದು ಕಿಲೋಗಿಂತ ಕೆಳಗೆ ಬಂದಿತ್ತು. ಮೋಟಾರನ್ನು ತುಸು ಹಿಂದೆ ಎಳೆದು ಒಂದೂ ಕಾಲಿಗೆ ನಿಲ್ಲಿಸಿದೆವು. ಈ ಎರಡನೆಯ ಬಿಗಿಯನ್ನು ಮಾಡದೆ ಬಿಟ್ಟು ಒಳ್ಳೆಯ ಬೆಲ್ಟ್ ಹಾಳು ಮಾಡಿಕೊಳ್ಳುವವರು ಬಹಳ.

ಕವಚದ ಒಳಮೈಯಲ್ಲಿ ಬಿಳಿ ಪೇಂಟಿನಿಂದ "ಎ-50, ಜೋಡಿ, ರಾಳ ಬೇಡ" ಎಂದು ಅಳಿಯ ಬರೆದಿದ್ದಾನೆ. ಉಳಿದಿರುವ ಕೆಲಸ ಎರಡು. ಉರುಳೆಯ ಪುಲ್ಲಿಯ ಒಳಬದಿಯ ಗ್ರೂವಿನ ಗೋಡೆ ತುಸು ಗುಳಿಬಿದ್ದಿದೆ, ಬೆಲ್ಟ್ ಅಂಚಿನಿಂದ ಅರ್ಧ ಮಿ.ಮೀ. ಕೆಳಗೆ ಕೂರುತ್ತದೆ. ಈಗಿಗೆ ನಡೆಯುತ್ತದೆ, ಒಂದೂವರೆಗೆ ಹೋದರೆ ಅದನ್ನೂ ಬದಲಾಯಿಸಬೇಕು, ಚೌತಿ ಕಳೆದು ಕೆಲಸ ಜೋರಾಗುವ ಮೊದಲು ಅಳೆದು ನೋಡುವುದೆಂದು ಮಾತಾಗಿದೆ. ಇನ್ನೊಂದು ಹುಡಿಯದ್ದು. ಸಿಪ್ಪೆ ಮತ್ತು ಹುಡಿ ಈಗಲೂ ನೇರವಾಗಿ ಮೋಟಾರಿನ ಕಡೆಗೇ ಬೀಳುತ್ತಿದೆ. ಅದನ್ನು ಬದಿಗೆ ತಿರುಗಿಸಲು ಉರುಳೆಯ ಕೆಳಗೆ ಒಂದು ಓರೆ ತಗಡು ಬೇಕು, ಅದರ ಅಳತೆ ತೆಗೆದುಕೊಂಡು ಬಂದಿದ್ದೇನೆ.